ಎರೆ ಹೊಲಕ್ಕೆ ಎಷ್ಟು ಝೆಡ್-ನಾಟ್?

ನಾಲ್ಕನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಮ್ಮ ಟೀಮ್‌ಗೆ 50ಕ್ಕೆ 47 ಬಂತು. ಆ ರಿಪೋರ್ಟ್‌ನಲ್ಲಿ ದೊಡ್ಡದೊಂದು ತಪ್ಪಿದೆ ಅಂತ ನನಗೆ ಗೊತ್ತಾಗಿದ್ದು ಅಂಕ ಬಂದ ಮೇಲೆ, ರೋಣದ ಕಡೆಯ ನಮ್ಮ ಅಜ್ಜನ ಮನೆಯ ಕಟ್ಟೆ ಮೇಲೆ ಕೂತಿದ್ದಾಗ. ತಪ್ಪು ಟೀಮ್‌ದಲ್ಲ, ಪೂರ್ತಿ ನನ್ನದು. ಅದನ್ನ ಇಲ್ಲಿ ಬರೀತಿರೋದು ಯಾಕೆ ಅಂದ್ರೆ, ನಮ್ಮಲ್ಲಿ ಎಷ್ಟೋ ಜನ ಮುಂದಿನ ವರ್ಷ ಇದೇ ಥರ ಸ್ಯಾಟಲೈಟ್ ಚಿತ್ರ ನೋಡಿ ಮ್ಯಾಪ್ ಮಾಡ್ತೀರಿ. ಅದಕ್ಕೆ.

ಮೊದಲು ಪ್ರಾಜೆಕ್ಟ್ ಏನು ಅಂತ ಹೇಳ್ತೀನಿ. ಗಾಳಿಯಂತ್ರ ಹಾಕೋ ಮುಂಚೆ ಆ ಜಾಗದಲ್ಲಿ ಗಾಳಿ ಎಷ್ಟಿದೆ ಅಂತ ಅಳೀಬೇಕು. ಆದರೆ ಅಳತೆ ಮಾಡೋ ಕಂಬ ಗಾಳಿಯಂತ್ರದಷ್ಟು ಎತ್ತರ ಇರೋದು ಅಪರೂಪ. ಈಗಿನ ಯಂತ್ರಗಳ ನಡುಭಾಗವೇ 100 ಮೀಟರ್, ಅದಕ್ಕೂ ಮೇಲೆ ಇರತ್ತೆ. ಚೆನ್ನೈನಲ್ಲಿರೋ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯವರು ದೇಶದ ಗಾಳಿಯ ಲೆಕ್ಕವನ್ನ ಈಗ 120 ಮೀಟರ್, 150 ಮೀಟರ್ ಎತ್ತರಕ್ಕೆ ಕೊಡ್ತಾರೆ. 120 ಮೀಟರ್ ಲೆಕ್ಕದಲ್ಲಿ ಇಡೀ ದೇಶದ ಸಾಮರ್ಥ್ಯ ಸುಮಾರು 695 ಗಿಗಾವ್ಯಾಟ್, ಅದರಲ್ಲಿ ಕರ್ನಾಟಕದ್ದೇ ಸುಮಾರು 124. ನಮ್ಮ ಸರ್ ಹತ್ತಿರ ಇದ್ದದ್ದು ಒಂದು ಹಳೆಯ 10 ಮೀಟರ್ ಕಂಬದ ಅಂಕಿಗಳು. ನಾಲ್ಕೈದು ಜಾಗದ ಅಂಕಿಗಳಲ್ಲಿ ಯಾವುದಾದರೂ ಒಂದನ್ನ ತಗೊಳ್ಳಿ ಅಂದರು. ಒಂದು ಕಂಬ ನಮ್ಮ ಅಮ್ಮನ ತವರೂರಿನಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿತ್ತು. ನಾನೇ ಹಟ ಮಾಡಿ ಅದನ್ನ ಆರಿಸಿದೆ.

10 ಮೀಟರ್‌ನಿಂದ 100 ಮೀಟರ್‌ಗೆ ಹೋಗೋಕೆ ಒಂದು ದಾರಿ ಇದೆ. ನೆಲದ ಹತ್ತಿರ ಗಾಳಿ ನಿಧಾನ, ಮೇಲೆ ಹೋದ ಹಾಗೆ ಜೋರು. ಯಾಕಂದ್ರೆ ನೆಲದ ಮೇಲಿರೋ ಹುಲ್ಲು, ಬೆಳೆ, ಮರ, ಮನೆ ಎಲ್ಲ ಅದನ್ನ ತಡೀತವೆ. ಎಷ್ಟು ತಡೀತವೆ ಅನ್ನೋದನ್ನ ಒಂದೇ ಸಂಖ್ಯೆಯಲ್ಲಿ ಹೇಳೋದು ರಫ್‌ನೆಸ್ ಲೆಂಗ್ತ್. ನೆಲದ ಒರಟುತನ ಅನ್ನಬಹುದು. ಕ್ಲಾಸಿನಲ್ಲಿ ಎಲ್ಲರೂ ಝೆಡ್-ನಾಟ್ ಅಂತೀವಿ. ನೀರಿನ ಮೇಲೆ ಇದು 0.0002 ಮೀಟರ್. ಅಲ್ಲೊಂದು ಇಲ್ಲೊಂದು ಮನೆ ಇರೋ ಬಯಲು ಹೊಲಕ್ಕೆ 0.03. ಸಾಲು ಮರಗಳು ದೂರ ದೂರ ಇರೋ ಕೃಷಿ ಭೂಮಿಗೆ 0.1. ಊರು, ಕುರುಚಲು ಕಾಡು, ಮರದ ಸಾಲು ತುಂಬಿದ ಹೊಲ ಇಂಥದ್ದಕ್ಕೆ 0.4. ಈ ದರ್ಜೆಗಳು ಡೆನ್ಮಾರ್ಕ್‌ನ ರಿಸೊ ಪ್ರಯೋಗಾಲಯದವರು 1989ರಲ್ಲಿ ತಂದ ಯುರೋಪಿನ ಗಾಳಿ ಅಟ್ಲಾಸ್‌ನಿಂದ ಬಂದವು. ಇವತ್ತಿಗೂ ಪ್ರಪಂಚದ ಹಲವು ಕಡೆ ಅದನ್ನ ಬಳಸ್ತಾರೆ.

ಸೂತ್ರ ಸರಳ. ಎರಡು ಎತ್ತರಗಳನ್ನೂ ಝೆಡ್-ನಾಟ್‌ನಿಂದ ಭಾಗಿಸಿ, ಎರಡಕ್ಕೂ ನ್ಯಾಚುರಲ್ ಲಾಗ್ ತಗೊಳ್ಳಿ. ಆ ಎರಡು ಲಾಗ್‌ಗಳ ಅನುಪಾತವೇ ಗಾಳಿಯ ವೇಗದ ಅನುಪಾತ. ಅಷ್ಟೇ.

ಕಷ್ಟ ಇರೋದು ಝೆಡ್-ನಾಟ್ ಎಷ್ಟು ಅಂತ ಹೇಳೋದರಲ್ಲಿ. ಗಾಳಿ ನಿಮ್ಮ ಕಂಬದ ಬುಡದಲ್ಲಿ ಹುಟ್ಟಿ ಬರಲ್ಲ, ದೂರದಿಂದ ನೆಲ ಸವರಿಕೊಂಡು ಬರತ್ತೆ. ಅದಕ್ಕೇ ಎತ್ತರದ ನೂರು ಪಟ್ಟು ದೂರದವರೆಗೆ ಮ್ಯಾಪ್ ಬೇಕು ಅನ್ನೋ ಲೆಕ್ಕ ಇದೆ. 100 ಮೀಟರ್‌ಗೆ 10 ಕಿಲೋಮೀಟರ್, ಎಲ್ಲ ದಿಕ್ಕಿಗೂ. ಆ ವೃತ್ತವನ್ನ ನಾವು ನಾಲ್ಕು ಜನ ಹಂಚಿಕೊಂಡ್ವಿ. ನನಗೆ ಪಶ್ಚಿಮ. ಉತ್ತರ ಕರ್ನಾಟಕದ ಬಯಲಲ್ಲಿ ಗಾಳಿಯ ಮುಖ್ಯ ಕಾಲ ಅಂದ್ರೆ ಜೂನ್‌ನಿಂದ ಸೆಪ್ಟೆಂಬರ್, ಮುಂಗಾರಿನ ಗಾಳಿ. ಅದು ಬರೋದೇ ಪಶ್ಚಿಮ, ನೈರುತ್ಯದಿಂದ. ಅಂದ್ರೆ ಇಡೀ ಮ್ಯಾಪ್‌ನಲ್ಲಿ ತುಂಬಾ ಮುಖ್ಯವಾದ ಭಾಗ ನನ್ನ ಕೈಲಿತ್ತು.

ಯುರೋಪಿನ ಬಾಹ್ಯಾಕಾಶ ಸಂಸ್ಥೆಯವರ ಭೂಹೊದಿಕೆ ಮ್ಯಾಪ್ ಉಚಿತವಾಗಿ ಸಿಗತ್ತೆ, 10 ಮೀಟರ್‌ಗೊಂದು ಚೌಕ. ಅದನ್ನ ಕ್ಯೂಜಿಐಎಸ್‌ನಲ್ಲಿ ತೆರೆದರೆ ನನ್ನ ಭಾಗ ಪೂರ್ತಿ ಒಂದೇ ಬಣ್ಣ: ಕೃಷಿ ಭೂಮಿ. ಸರ್ ಮಾತ್ರ ‘ಅದನ್ನ ಕಣ್ಣು ಮುಚ್ಚಿ ನಂಬಬೇಡಿ, ಚಿತ್ರ ನೋಡಿ ಕೈಯಲ್ಲಿ ತಿದ್ದಿ’ ಅಂದಿದ್ದರು. ರಾತ್ರಿ ಎರಡು ಗಂಟೆಗೆ ಹಾಸ್ಟೆಲ್‌ನಲ್ಲಿ ಕೂತು ತಿದ್ದಿದೆ. ಸ್ಯಾಟಲೈಟ್ ಚಿತ್ರದಲ್ಲಿ ಹಳ್ಳದ ಆಚೆ ಉದ್ದಕ್ಕೂ ಕಪ್ಪು ಪಟ್ಟಿಗಳು. ಬೇರೆ ಕಡೆ ತಿಳಿ ಕಂದು, ಇಲ್ಲಿ ಮಾತ್ರ ದಟ್ಟ ಕಪ್ಪು. ಕಪ್ಪು ಅಂದ್ರೆ ದಟ್ಟ, ದಟ್ಟ ಅಂದ್ರೆ ಗಿಡಗಂಟಿ, ಹಾಗಾಗಿ ಕುರುಚಲು ಕಾಡು. ಪಾಲಿಗನ್ ಎಳೆದೆ, 0.4 ಅಂತ ಬರೆದೆ, ಹಸಿರು ಬಣ್ಣ ತುಂಬಿದೆ. ಯಂತ್ರ ಮಾಡಿದ ತಪ್ಪನ್ನ ನಾನು ಹಿಡಿದೆ ಅಂತ ಖುಷಿ ಬೇರೆ.

ಲೆಕ್ಕ ಹಾಕಿದಾಗ ಮಳೆಗಾಲದ ಗಾಳಿ 10 ಮೀಟರ್‌ನಲ್ಲಿ ಸೆಕೆಂಡಿಗೆ 5 ಮೀಟರ್ ಇದ್ದದ್ದು 100 ಮೀಟರ್‌ನಲ್ಲಿ 8.58 ಆಯ್ತು. ನಮಗೆಲ್ಲ ಕಣ್ಣು ಅರಳಿತು. ಆ ಸಂಜೆಯೇ ಮಾಮನಿಗೆ ಫೋನ್ ಮಾಡಿದೆ. ‘ಮಾಮಾ, ನಮ್ಮೂರ ಮೇಲೆ ಎಂಟೂವರೆ ಇದೆ, ಭಾರಿ ಗಾಳಿ. ಕಂಪನಿಯವರು ಹುಡುಕಿಕೊಂಡು ಬರ್ತಾರೆ ನೋಡ್ತಾ ಇರಿ’ ಅಂದೆ. ಅದು ಮಳೆಗಾಲದ ನಾಲ್ಕು ತಿಂಗಳ ಲೆಕ್ಕ, ವರ್ಷದ್ದಲ್ಲ ಅಂತ ಹೇಳಲಿಲ್ಲ. ಕಂಪನಿ ಬರೋಕೆ ಗಾಳಿ ಒಂದೇ ಸಾಲದು, ಹತ್ತಿರ ಸಬ್‌ಸ್ಟೇಷನ್ ಬೇಕು, ದಾರಿ ಬೇಕು, ಜಾಗದಲ್ಲೇ ವರ್ಷಗಟ್ಟಲೆ ಅಳೀಬೇಕು ಅಂತಲೂ ಹೇಳಲಿಲ್ಲ. ಯುಗಾದಿಗೆ ಇನ್ನೂ ಹತ್ತು ಹನ್ನೆರಡು ದಿನ ಇತ್ತು. ಈ ಯುಗಾದಿ ವಿಷಯ ಯಾಕೆ ಹೇಳಿದೆ ಅಂತ ಆಮೇಲೆ ಗೊತ್ತಾಗತ್ತೆ.

ಪರೀಕ್ಷೆ ಮುಗಿಸಿ ಊರಿಗೆ ಹೋದೆ. ಬೆಳಿಗ್ಗೆ ಕಟ್ಟೆ ಮೇಲೆ ಅಜ್ಜ ಚಹಾ ಕುಡೀತಿದ್ದರು. ಫೋನ್‌ನಲ್ಲಿ ನಮ್ಮ ಮ್ಯಾಪ್ ತೋರಿಸಿದೆ. ಅಜ್ಜ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಸ್ಯಾಟಲೈಟ್ ಚಿತ್ರ ಅವರಿಗೆ ಅರ್ಥ ಆಗಲ್ಲ ಅಂದುಕೊಂಡಿದ್ದೆ. ಅವರು ನೇರ ಹಳ್ಳದ ಮೇಲೆ ಬೆರಳಿಟ್ಟರು.

“ಇದು ಹಳ್ಳ ಹೌದಲ್ಲೋ? ಹಂಗಾರ ಇದು ಗುಡಿ. ಇಲ್ಲೇನು ಹಸರು ಬಣ್ಣ ಬಳದೀದಿ?”

“ಅದು ಕಾಡು ಅಜ್ಜ. ಕುರುಚಲು ಗಿಡ.”

“ಎಲ್ಲಿ ಕಾಡು? ಇದು ನಮ್ಮ ಪಡುವಲ ಹೊಲ. ಇಲ್ಲಿ ಕಾಡು ಯಾವಾಗ ಹುಟ್ಟಿತೋ ತಮ್ಮಾ, ನನಗ ಹೇಳದನ?”

“ಕಪ್ಪಗೆ ಕಾಣ್ತಿದೆಯಲ್ಲ ಅಜ್ಜ.”

“ಎರಿ ಭೂಮಿ ಕರ್ರಗ ಕಾಣದ ಬೆಳ್ಳಗ ಕಾಣ್ತೈತೇನು? ಮಳಿ ಆಗಿ, ಹರಗಿದ ಹೊಲ ಅದು. ಹಸಿ ಎರಿ.”

ಎರೆ ಅಂದ್ರೆ ಕಪ್ಪು ಮಣ್ಣು ಅಂತ ನನಗೆ ಗೊತ್ತಿರಲಿಲ್ಲ. ಸ್ಕೂಲಿನಲ್ಲಿ ‘ಬ್ಲ್ಯಾಕ್ ಕಾಟನ್ ಸಾಯಿಲ್’ ಅಂತ ಐದು ಅಂಕಕ್ಕೆ ಓದಿದ್ದೆ. ಅದು ಎಲ್ಲಿ ಸಿಗತ್ತೆ ಅನ್ನೋ ಪಟ್ಟಿ ಬರೆದು ಐದಕ್ಕೆ ಐದು ತಗೊಂಡಿದ್ದೆ. ಅದೇ ಮಣ್ಣಿನ ಮೇಲೆ ನಮ್ಮ ಅಮ್ಮ ಆಡಿ ಬೆಳೆದದ್ದು. ಅದನ್ನ ಮೇಲಿಂದ ನೋಡಿ ಕಾಡು ಅಂದಿದ್ದೆ. ಭೂಹೊದಿಕೆ ಮ್ಯಾಪ್ ಕೃಷಿ ಭೂಮಿ ಅಂತ ಸರಿಯಾಗೇ ಹೇಳಿತ್ತು. ತಿದ್ದಿ ಕೆಡಿಸಿದವನು ನಾನು.

ಮೇಲಿನ ಕೋಣೆಗೆ ಹೋಗಿ ಲ್ಯಾಪ್‌ಟಾಪ್ ತೆರೆದೆ. 0.4 ತೆಗೆದು 0.03 ಹಾಕಿದೆ. 8.58 ಇದ್ದದ್ದು 6.98 ಆಯ್ತು.

ಇಲ್ಲಿ ಒಂದು ವಿಷಯ ನನಗೂ ಮೊದಲು ತಲೆಗೆ ಹೋಗಿರಲಿಲ್ಲ. ನೆಲ ಹೆಚ್ಚು ಒರಟು ಅಂದುಕೊಂಡರೆ ಗಾಳಿ ಕಡಿಮೆ ತೋರಿಸಬೇಕಲ್ವಾ? ಇಲ್ಲ, ಉಲ್ಟಾ. ಕೆಳಗಿನ ಕಂಬದಲ್ಲಿ ಗಾಳಿ 5 ಅಂತ ಅಳೆದಾಗಿದೆ, ಅದು ಬದಲಾಗಲ್ಲ. ‘ಇಷ್ಟು ದೊಡ್ಡ ಕಾಡು ತಡೆದ ಮೇಲೂ ಕೆಳಗೆ 5 ಉಳಿದಿದೆ ಅಂದ್ರೆ ಮೇಲೆ ಇನ್ನೆಷ್ಟಿರಬೇಕು’ ಅಂತ ಸೂತ್ರ ಯೋಚಿಸತ್ತೆ. ಇಲ್ಲದ ಕಾಡು ಇದೆ ಅಂದರೆ ಇಲ್ಲದ ಗಾಳಿಯೂ ಬರತ್ತೆ. ಗಾಳಿಯಲ್ಲಿರೋ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರೋದರಿಂದ, 6.98 ಮತ್ತು 8.58ರ ನಡುವಿನ ವ್ಯತ್ಯಾಸ ಶಕ್ತಿಯಲ್ಲಿ ಸುಮಾರು 86 ಪರ್ಸೆಂಟ್. ಹೆಚ್ಚು ಕಮ್ಮಿ ದುಪ್ಪಟ್ಟು ಕರೆಂಟನ್ನ ನಾನು ಹಸಿರು ಬಣ್ಣದಿಂದ ಹುಟ್ಟಿಸಿದ್ದೆ.

ಕಂಬ 50 ಮೀಟರ್ ಇದ್ದಿದ್ದರೆ? ಅದನ್ನೂ ಹಾಕಿ ನೋಡಿದೆ. ಇದೇ ತಪ್ಪಿಗೆ ಶಕ್ತಿಯಲ್ಲಿ 14 ಪರ್ಸೆಂಟ್‌ನಷ್ಟು ಮಾತ್ರ ಹೆಚ್ಚು ತೋರಿಸ್ತಿತ್ತು. ಎತ್ತರದ ಕಂಬಕ್ಕೆ ಯಾಕೆ ಅಷ್ಟು ದುಡ್ಡು ಸುರೀತಾರೆ ಅಂತ ಆಗ ಅರ್ಥ ಆಯ್ತು. ಆದರೆ ನಮ್ಮ ಕಂಬ ಹತ್ತೇ ಮೀಟರ್.

ಅಂಕ ಬಂದಾಗಿದೆ, ಸುಮ್ಮನಿದ್ದರೆ ಯಾರಿಗೂ ಗೊತ್ತಾಗಲ್ಲ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ರಾತ್ರಿ ಊಟಕ್ಕೆ ಕೂತಾಗ ಮಾಮ ಪಕ್ಕದ ಮನೆಯವರ ಹತ್ತಿರ ನನ್ನ ತೋರಿಸಿ ಹೇಳ್ತಿದ್ದರು:

“ನಮ್ಮ ಅಳಿಯಾ ಲೆಕ್ಕಾ ಮಾಡ್ಯಾನ್ರಿ. ಕಂಪನಿಯವರು ಬಂದ್ರ ಹೊಲ ಖಾಲಿ ಇರಬೇಕಲ್ರಿ. ಅದಕ್ಕ ಈ ಯುಗಾದಿಗೆ ಪಡುವಲ ನಾಲ್ಕು ಎಕರೆ ಲಾವಣಿಗೆ ಕೊಟ್ಟಿಲ್ಲ.”

ರೊಟ್ಟಿ ಗಂಟಲಲ್ಲೇ ನಿಂತಿತು. ಲಾವಣಿ ಅಂದ್ರೆ ನಮ್ಮಲ್ಲಿ ಹೊಲವನ್ನ ವರ್ಷಕ್ಕೆ ಇಷ್ಟು ಅಂತ ಬೇರೆಯವರಿಗೆ ಉಳೋಕೆ ಕೊಡೋದು. ಯುಗಾದಿಯಿಂದ ಯುಗಾದಿಗೆ ಲೆಕ್ಕ. ಅಜ್ಜನಿಗೆ ಕೈಲಾಗಲ್ಲ, ಮಾಮನಿಗೆ ಅಂಗಡಿ. ಆ ನಾಲ್ಕು ಎಕರೆಯನ್ನ ಆರು ವರ್ಷದಿಂದ ಒಂದೇ ಮನೆಯವರು ಮಾಡ್ತಿದ್ದರು. ಮಾಮ ಬೇಡ ಅಂದ ಮೇಲೆ ಅವರು ಮೂರು ಊರು ಆಚೆ ಬೇರೆ ಹೊಲ ಹಿಡಿದಿದ್ದರು. ಮನೆಗೆ ಬರಬೇಕಾದ ಲಾವಣಿ ದುಡ್ಡೂ ಬಂದಿರಲಿಲ್ಲ. ಇದೆಲ್ಲ ನಾನು ಫೋನ್‌ನಲ್ಲಿ ಆಡಿದ ನಾಲ್ಕು ಮಾತಿನಿಂದ.

ಎಲ್ಲರೂ ಹೋದ ಮೇಲೆ ಮಾಮನಿಗೆ ಹೇಳಿದೆ. ಲಾಗ್, ಘನ ಏನೂ ಹೇಳಲಿಲ್ಲ. “ಮಾಮಾ, ನಾನು ಎರೆ ಹೊಲ ನೋಡಿ ಕಾಡು ಅಂದುಕೊಂಡಿದ್ದೆ. ಲೆಕ್ಕ ತಪ್ಪಾಗಿದೆ. ಕಂಪನಿ ಬರತ್ತೆ ಅಂತ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ” ಅಂದೆ. ಮಾಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀ ಹೇಳಿದ್ದು ಒಂದು ಮಾತು. ಅದನ್ನ ನಂಬಿದ್ದು ನಾನಲ್ಲೇನು” ಅಂದರು. ಆಮೇಲೆ ಲೈಟ್ ಆರಿಸಿ ಮಲಗಿದರು. ನನಗೆ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜನ ಜೊತೆ ಹೊಲಕ್ಕೆ ಹೋದೆ, ಮ್ಯಾಪ್ ಪ್ರಿಂಟ್ ಹಿಡಿದುಕೊಂಡು. ಅಜ್ಜನ ನಡಿಗೆ ನಿಧಾನ. ಅದು ಒಳ್ಳೆಯದೇ ಆಯ್ತು, ನೋಡ್ತಾ ಹೋಗೋಕೆ ಸಮಯ ಸಿಕ್ಕಿತು. ಕಣ್ಣು ಹಾಯಿಸಿದಷ್ಟು ದೂರ ಬರೀ ಕಪ್ಪು ಬಯಲು. ಬದುವಿನ ಮೇಲೆ ಅಲ್ಲೊಂದು ಬೇವು, ಇಲ್ಲೊಂದು ಜಾಲಿ. ಹಳ್ಳದ ದಂಡೆಯಲ್ಲಿ ಮಾತ್ರ ಬಳ್ಳಾರಿ ಜಾಲಿ ಒತ್ತಾಗಿ ಬೆಳೆದಿತ್ತು. ನಿಜವಾದ ‘ಕುರುಚಲು’ ಅಂದ್ರೆ ಅದೊಂದೇ. ಅದನ್ನ ನಾನು ಮ್ಯಾಪ್‌ನಲ್ಲಿ ಗುರುತೇ ಮಾಡಿರಲಿಲ್ಲ!

ದಾರಿಯಲ್ಲಿ ಅಜ್ಜ ಒಂದೊಂದು ತುಂಡು ಹೊಲಕ್ಕೂ ಒಂದೊಂದು ಹೆಸರು ಹೇಳ್ತಾ ಹೋದರು. ಎರಿ, ಮಸಾರಿ, ಬೀಳು, ಗಾಂವಠಾಣ. ನಮ್ಮ ಮ್ಯಾಪ್‌ನಲ್ಲಿ ಇವುಗಳಲ್ಲಿ ಎರಡಕ್ಕೆ ಒಂದೇ ಬಣ್ಣ. ಬೀಳು ಅಂದ್ರೆ ಉಳದೆ ಬಿಟ್ಟ ಹೊಲ. ನಾಲ್ಕು ವರ್ಷ ಬಿಟ್ಟರೆ ಜಾಲಿ ಎದ್ದು ಅದರ ಒರಟುತನವೇ ಬೇರೆ ಆಗತ್ತೆ, ಆದರೆ ಕಾಗದದಲ್ಲಿ ಅದು ಇನ್ನೂ ಹೊಲವೇ. ಅಜ್ಜನಿಗೆ ಯಾವುದು ಯಾವ ವರ್ಷದಿಂದ ಬೀಳು ಬಿದ್ದಿದೆ ಅಂತ ಬಾಯಿಪಾಠ.

“ಮಳಿಗಾಲದಾಗ ಇಲ್ಲಿ ಏನ್ ಬಿತ್ತತಾರ ಅಜ್ಜ?” ಅಂತ ಅವರ ಥರಾನೇ ಮಾತಾಡೋಕೆ ಹೋದೆ. ನಕ್ಕರು. ಮುಂಗಾರಿಗೆ ಹೆಸರು, ಮೊಣಕಾಲುದ್ದ. ಅದು ಕಿತ್ತ ಮೇಲೆ ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ಜೋಳ ಆಳೆತ್ತರ. ಬೆಳೆಯ ಒರಟುತನ ಅದರ ಎತ್ತರದ ಹತ್ತನೇ ಒಂದು ಪಾಲು ಅನ್ನೋದು ಸಾಮಾನ್ಯ ಲೆಕ್ಕ. ಹೆಸರಿಗೆ ಸುಮಾರು 0.04 ಅಥವಾ 0.05, ಜೋಳಕ್ಕೆ 0.2ರ ಹತ್ತಿರ. ಒಂದೇ ಹೊಲ, ಒಂದೇ ವರ್ಷ, ನಾಲ್ಕೈದು ಪಟ್ಟು ವ್ಯತ್ಯಾಸ. ಆದರೆ ಜೋಳ ಎತ್ತರ ನಿಲ್ಲೋ ಹೊತ್ತಿಗೆ ಮುಂಗಾರಿನ ಗಾಳಿ ಮುಗಿದಿರತ್ತೆ. ಜೋರು ಗಾಳಿಯ ತಿಂಗಳುಗಳಲ್ಲಿ ಈ ನೆಲದ ಮೇಲೆ ಇರೋದು ಬರೀ ಮಣ್ಣು ಇಲ್ಲಾ ಗಿಡ್ಡ ಹೆಸರು. ಹಾಗಾಗಿ ಇಡೀ ವರ್ಷಕ್ಕೆ ಒಂದು ಸರಾಸರಿ ಸಂಖ್ಯೆ ಹಾಕಿದರೂ ತಪ್ಪೇ. ಗಾಳಿ ಯಾವಾಗ ಬೀಸತ್ತೋ ಆಗ ನೆಲ ಹೇಗಿರತ್ತೆ ಅಂತ ನೋಡಬೇಕು. ಇದು ನಮ್ಮ ರಿಪೋರ್ಟ್‌ನಲ್ಲಿ ಎಲ್ಲೂ ಇರಲಿಲ್ಲ.

ಹೊಲದ ಮೂಲೆಯಲ್ಲಿ ಒಂದು ಕಡೆ ನೆಲ ಸ್ವಲ್ಪ ಎತ್ತರ. ಮೊದಲು ಅಲ್ಲೇ ಕಣ ಇತ್ತಂತೆ, ರಾಶಿ ಮಾಡೋ ಜಾಗ. ಈಗ ಮಷೀನ್ ಬಂದ ಮೇಲೆ ಕಣ ಇಲ್ಲ. ಹತ್ತಿರ ಒಂದು ದೊಡ್ಡ ಬೇವಿನ ಮರ ಇದೆಯಲ್ಲ, ಅದರ ನೆರಳಲ್ಲೇ ಯಾಕೆ ಮಾಡ್ತಿರಲಿಲ್ಲ ಅಂತ ಕೇಳಿದೆ.

“ಗಿಡದ ಮಗ್ಗಲ ಕಣ ಮಾಡಿದ್ರ ಗಾಳಿ ಸುತ್ತತೈತಿ. ತೂರಿದ ಹೊಟ್ಟು ತಿರುಗಿ ರಾಶಿ ಮ್ಯಾಲೇ ಬೀಳತೈತಿ. ನೀಟ ಗಾಳಿ ಬೇಕು ತೂರಾಕ.”

ನಮ್ಮ ಪುಸ್ತಕದಲ್ಲಿ ಇದನ್ನೇ ಅಡೆತಡೆಯ ಹಿಂದಿನ ಟರ್ಬ್ಯುಲೆನ್ಸ್ ಅಂತಾರೆ. ತಡೆಯ ಎತ್ತರದ ಸುಮಾರು 20 ಪಟ್ಟು ದೂರದವರೆಗೆ ಗಾಳಿ ಕಲಕಿರತ್ತೆ, ಅಲ್ಲಿ ಸಣ್ಣ ಗಾಳಿಯಂತ್ರ ಹಾಕಬೇಡಿ ಅಂತ ಹೇಳ್ತಾರೆ. ಅಜ್ಜನಿಗೆ 20 ಪಟ್ಟು ಗೊತ್ತಿಲ್ಲ. ಹೊಟ್ಟು ಎಲ್ಲಿ ಬೀಳತ್ತೆ ಅಂತ ಗೊತ್ತು. ಹಾಗಂತ ಅಜ್ಜನಿಗೆ ಎಲ್ಲ ಗೊತ್ತು, ನಮ್ಮ ಸೂತ್ರ ವೇಸ್ಟ್ ಅಂತ ನಾನು ಹೇಳ್ತಿಲ್ಲ. 100 ಮೀಟರ್ ಮೇಲೆ ಎಷ್ಟಿದೆ ಅಂತ ಅಜ್ಜನನ್ನ ಕೇಳಿದರೆ ಅವರು ಮೇಲೆ ನೋಡಿ ನಗ್ತಾರೆ. ಸೂತ್ರ ಸರಿ ಇತ್ತು. ಅದಕ್ಕೆ ಹಾಕಿದ ಸಂಖ್ಯೆ ಸರಿ ಇರಲಿಲ್ಲ. ಆ ಸಂಖ್ಯೆ ಗೊತ್ತಿದ್ದವರು ಒಂದು ಫೋನ್ ಕಾಲ್ ದೂರದಲ್ಲಿದ್ದರು. ನಾನು ಫೋನ್ ಮಾಡಿದ್ದು ಕೇಳೋಕಲ್ಲ, ಜಂಬ ಕೊಚ್ಚಿಕೊಳ್ಳೋಕೆ.

ಮೂರು ದಿನ ಓಡಾಡಿ ನನ್ನ ಭಾಗದ ಮ್ಯಾಪ್ ಮತ್ತೆ ಮಾಡಿದೆ. ಬಯಲಿಗೆ 0.03. ಊರ ಹತ್ತಿರದ ಮರಗಳಿರೋ ಹೊಲಕ್ಕೆ 0.1. ಹಳ್ಳದ ಜಾಲಿಗೆ ಒಂದು ಸಣ್ಣ ಪಟ್ಟಿ, 0.4. ಊರಿನ ಅಂಚಿನ ಮನೆಗಳಿಗೆ ಒಂದು ಹಳೆಯ ಸೂತ್ರ ಬಳಸಿದೆ: ಮನೆಯ ಎತ್ತರವನ್ನ ಗಾಳಿಗೆ ಎದುರಾಗಿರೋ ಅದರ ಗೋಡೆಯ ವಿಸ್ತೀರ್ಣದಿಂದ ಗುಣಿಸಿ, ಒಂದು ಮನೆಗೆ ಎಷ್ಟು ನೆಲ ಬರತ್ತೋ ಅದರಿಂದ ಭಾಗಿಸಿ, ಅರ್ಧ ಮಾಡಿದರೆ ಝೆಡ್-ನಾಟ್. 5 ಮೀಟರ್ ಎತ್ತರ, 10 ಮೀಟರ್ ಅಗಲದ ಮನೆ, ಸಾವಿರ ಚದರ ಮೀಟರ್‌ಗೊಂದು ಅಂದ್ರೆ 0.125. ಮನೆ ಎಣಿಸೋವಾಗ ಹುಡುಗರೆಲ್ಲ ಹಿಂದೆ ಬಂದರು, ಸೆನ್ಸಸ್‌ನವನು ಅಂದುಕೊಂಡು.

ಕಾಲೇಜು ಶುರುವಾದ ದಿನ ಸರ್ ಹತ್ತಿರ ಹೋದೆ. ಟೀಮ್‌ನ ಉಳಿದ ಮೂವರಿಗೂ ಮೊದಲೇ ಹೇಳಿದ್ದೆ. ಒಬ್ಬ, ‘ಯಾಕೋ ಕೆದಕ್ತೀಯಾ’ ಅಂದ. ಆಮೇಲೆ ಅವನೇ ಜೊತೆಗೆ ಬಂದ. ಸರ್ ಎರಡೂ ಮ್ಯಾಪ್ ಪಕ್ಕ ಪಕ್ಕ ಇಟ್ಟು ನೋಡಿ, “ನಾನೂ ನೋಡಬೇಕಿತ್ತು. 0.4 ಅಷ್ಟು ದೊಡ್ಡ ಪಟ್ಟಿಗೆ ಬಂದಿದೆ ಅಂದಾಗಲೇ ಕೇಳಬೇಕಿತ್ತು” ಅಂದರು. ಅಂಕ ಸಿಸ್ಟಮ್‌ಗೆ ಹೋಗಿಬಿಟ್ಟಿತ್ತು, ಅದು ಬದಲಾಗಲ್ಲವಂತೆ. ತಿದ್ದಿದ ರಿಪೋರ್ಟ್ ಇಟ್ಟುಕೊಂಡರು. ಮುಂದಿನ ಬ್ಯಾಚ್‌ಗೆ ಎರಡೂ ಮ್ಯಾಪ್ ಕೊಟ್ಟು ಯಾವುದು ತಪ್ಪು ಅಂತ ಕಂಡುಹಿಡಿಯೋಕೆ ಹೇಳ್ತಾರಂತೆ. ಜೂನಿಯರ್ಸ್, ಉತ್ತರ ಇಲ್ಲೇ ಇದೆ, ಓದಿಕೊಳ್ಳಿ.

ಮಾಮ ಆ ಮನೆಯವರ ಹತ್ತಿರ ಮತ್ತೆ ಹೋಗಿ ಕೇಳಿದರು. ಅವರಿಗೆ ಆಗಲೇ ಹಿಡಿದ ಹೊಲದ ಕೆಲಸ ಇತ್ತು. ಎರಡು ಎಕರೆ ಮಾತ್ರ ಒಪ್ಪಿಕೊಂಡರು, ಅದೂ ಕಡಿಮೆ ದುಡ್ಡಿಗೆ. ಉಳಿದ ಎರಡು ಎಕರೆ ಈ ಮುಂಗಾರಿಗೆ ಹಾಗೇ ಬಿದ್ದಿದೆ. ಹೋದ ವಾರ ಫೋನ್ ಮಾಡಿದಾಗ ಅಜ್ಜ ಹೇಳಿದರು, ಬಿತ್ತಿದ ಕಡೆ ಹೆಸರು ಮೊಣಕಾಲಿಗೆ ಬಂದಿದೆ, ಬಿತ್ತದ ಕಡೆ ಕಸ ಬೆಳೆದಿದೆ ಅಂತ. ಗಾಳಿ ಹೇಗಿದೆ ಅಜ್ಜ ಅಂದೆ.

“ಜೋರೈತಿ. ನಿನ್ನ ಮ್ಯಾಪಿನ್ಯಾಗ ಬರಕೋ, ಪಡುವಲ ಹೊಲದಾಗ ಅರ್ಧ ಹೆಸರು, ಅರ್ಧ ಕಸ.”

ಬರೆದುಕೊಂಡೆ.